ಮನೆ ರಿನೊವೇಷನ್ ಮಾಡಿಸುತ್ತಿದ್ದೀರಾ? ಏನು ಒಡೆಯಬಾರದು ಅಂತ ಮೊದಲು ನೋಡಿ

ರಿನೊವೇಷನ್ ಅಂದ ತಕ್ಷಣ ಹೊಸದಾಗಿ ಏನೇನು ತರಬೇಕು ಅಂತ ಪಟ್ಟಿ ಬರೆಯೋಕೆ ಕೂರುತ್ತೇವೆ. ಪರಿಸರದ ಬಗ್ಗೆ ಕಾಳಜಿ ಇರುವವರೂ ಅಷ್ಟೇ, 'ಗ್ರೀನ್' ಅಂತ ಬರೆದಿರುವ ಬಣ್ಣ, ಟೈಲ್ಸ್ ಹುಡುಕುತ್ತಾರೆ. ಆ ಪಟ್ಟಿ ಸ್ವಲ್ಪ ಪಕ್ಕಕ್ಕಿಡಿ. ಮನೆಯೊಳಗೆ ಒಂದು ಸುತ್ತು ಹಾಕಿ, ಯಾವುದನ್ನು ಮುಟ್ಟದೇ ಬಿಡಬಹುದು ಅಂತ ಬರೆದುಕೊಳ್ಳಿ. ನನ್ನ ಪ್ರಕಾರ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಯಾಕೆ ಅಂದರೆ, ಮನುಷ್ಯರಿಂದ ಗಾಳಿಗೆ ಸೇರುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಹೆಚ್ಚುಕಡಿಮೆ ಶೇ. 7ರಿಂದ 8ರಷ್ಟು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ. ಸುಣ್ಣದ ಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಡಬೇಕು. ಇಂಧನದ ಹೊಗೆ ಒಂದು ಕಡೆಯಾದರೆ ಕಲ್ಲಿನೊಳಗಿಂದಲೇ ಹೊರಬರುವ ಗ್ಯಾಸ್ ಇನ್ನೊಂದು ಕಡೆ, ಮತ್ತು ಈ ಎರಡನೆಯದೇ ಜಾಸ್ತಿ. ಹಾಗಾಗಿ ಗೂಡಿನ ಇಂಧನ ಎಷ್ಟೇ ಸ್ವಚ್ಛವಾದರೂ ಸಮಸ್ಯೆ ಪೂರ್ತಿ ಹೋಗುವುದಿಲ್ಲ. ನಿಂತಿರುವ ಗೋಡೆಯ ಲೆಕ್ಕ ಎಂದೋ ಮುಗಿದಿದೆ. ಅದನ್ನು ಕೆಡವಿ ಎರಡಡಿ ಆಚೆ ಕಟ್ಟಿದರೆ ಎಲ್ಲ ಮತ್ತೆ ಮೊದಲಿಂದ ಶುರು.

ನೆಲದ ವಿಷಯವೂ ಹೀಗೇ. ಹಳೇ ಟೈಲ್ಸ್ ಮೇಲೆ ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಾರದೆ ಗಟ್ಟಿಯಾಗಿ ಕೂತಿದ್ದರೆ, ಅದರ ಮೇಲೆಯೇ ಟೈಲ್ ಅಂಟಿನಿಂದ ಹೊಸದನ್ನು ಹಾಕಿಸಬಹುದು. ಎತ್ತರ ಸ್ವಲ್ಪ ಏರುವುದರಿಂದ ಬಾಗಿಲುಗಳ ಕೆಳತುದಿಯನ್ನು ಒಂದಿಷ್ಟು ಕತ್ತರಿಸಬೇಕಾಗುತ್ತದೆ, ಬಚ್ಚಲಲ್ಲಿ ನೀರಿನ ಇಳಿಜಾರು ಸರಿ ಉಳಿಯುತ್ತದಾ ಅಂತ ಮೇಸ್ತ್ರಿ ಹತ್ತಿರ ಮೊದಲೇ ಕೇಳಿ. ಮೊಸಾಯಿಕ್ ಅಥವಾ ಕಲ್ಲಿನ ನೆಲವಾದರೆ ಪಾಲಿಷ್ ಹಾಕಿಸಿ ನೋಡದೆ ಕಿತ್ತು ಹಾಕಲೇಬೇಡಿ.

ಒಡೆಯಲೇಬೇಕಾದ ಜಾಗದಲ್ಲೂ ಕ್ರಮ ಮುಖ್ಯ. ಸುತ್ತಿಗೆ ಹಿಡಿದವರು ಬರುವ ಮೊದಲು ಕಾರ್ಪೆಂಟರ್, ಪ್ಲಂಬರ್, ಎಲೆಕ್ಟ್ರಿಷಿಯನ್ ಬಂದು ಬಾಗಿಲು, ಕಿಟಕಿ, ಗ್ರಿಲ್, ನಲ್ಲಿ, ಸಿಂಕ್, ಸ್ವಿಚ್ ಬೋರ್ಡ್ ಎಲ್ಲ ಬಿಚ್ಚಿಡಲಿ. ಹಳೇ ಚೌಕಟ್ಟಿನ ಮರ ಗಟ್ಟಿಯಿದ್ದರೆ ಶೆಲ್ಫ್ ಆಗುತ್ತದೆ. ಅಲ್ಯೂಮಿನಿಯಂ ಅಂತೂ ಕಸಕ್ಕೆ ಹೋಗಲೇಬಾರದು. ಅದನ್ನು ಕರಗಿಸಿ ಮತ್ತೆ ಬಳಸಲು, ಅದಿರಿನಿಂದ ಹೊಸದಾಗಿ ತೆಗೆಯುವಾಗ ಬೇಕಾಗುವ ಶಕ್ತಿಯಲ್ಲಿ ಸುಮಾರು ಶೇ. 5ರಷ್ಟು ಸಾಕು. ಇಟ್ಟಿಗೆ ಚೂರು, ಮರ, ಲೋಹ, ಪ್ಲಾಸ್ಟಿಕ್ ಬೇರೆ ಬೇರೆ ಗುಡ್ಡೆ ಹಾಕಿಸಿ, ಒಮ್ಮೆ ಕಲಸಿದರೆ ಯಾವುದೂ ಯಾರಿಗೂ ಬೇಡವಾಗುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಹಳೇ ಸಿಮೆಂಟ್ ಶೀಟುಗಳಲ್ಲಿ ಆಸ್ಬೆಸ್ಟಾಸ್, ಅಂದರೆ ಉಸಿರಿನ ಜೊತೆ ಒಳಹೋದರೆ ಶ್ವಾಸಕೋಶಕ್ಕೆ ಅಪಾಯ ಮಾಡುವ ಖನಿಜದ ನಾರು ಇರಬಹುದು. ಅದನ್ನು ಒಡೆಯಬೇಡಿ, ಕತ್ತರಿಸಬೇಡಿ, ತೂತು ಕೊರೆಯಬೇಡಿ, ಅದರ ಕೆಲಸ ಗೊತ್ತಿರುವವರಿಂದಲೇ ತೆಗೆಸಿ. ಹಳೇ ಮನೆಗಳ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಒಣ ಗೋಡೆಗೆ ಸ್ಯಾಂಡ್ ಪೇಪರ್ ಉಜ್ಜಿ ದೂಳೆಬ್ಬಿಸದೆ, ನೀರು ಚಿಮುಕಿಸಿ ಕೆರೆಸಿ. ಆ ದೂಳು ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ, ಇದರಲ್ಲಿ ರಾಜಿ ಬೇಡ.

ಇನ್ನು ಹೊಸದಾಗಿ ತರುವ ಸಾಮಾನು. ಸಿಮೆಂಟ್ ಬೇಕೇ ಬೇಕು ಅಂದರೆ ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಉಳಿಯುವ ನುಣ್ಣನೆ ಬೂದಿ) ಅಥವಾ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ (ಲೋಹ ತೆಗೆದ ಮೇಲೆ ಉಳಿಯುವ ಕಿಟ್ಟ) ಬೆರೆತದ್ದನ್ನು ಕೇಳಿ ತರಿಸಿ. ಅದರಲ್ಲಿ ಸುಟ್ಟ ಸುಣ್ಣದ ಕಲ್ಲಿನ ಪಾಲು ಕಡಿಮೆ. ಗಟ್ಟಿಯಾಗೋದು ನಿಧಾನ, ಆದ್ದರಿಂದ ಕ್ಯೂರಿಂಗ್, ಅಂದರೆ ನೀರು ಹಾಕಿ ಒದ್ದೆಯಾಗಿಡೋದು, ಇನ್ನೂ ಕೆಲವು ದಿನ ಜಾಸ್ತಿ ಮಾಡಿಸಬೇಕು. ಮಣ್ಣು ಅಥವಾ ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೇ ಗೋಡೆಗೆ ಮಾತ್ರ ಸಿಮೆಂಟ್ ಪ್ಲಾಸ್ಟರ್ ಹಾಕಿಸಬೇಡಿ. ತೇವ ಒಳಗೇ ಸಿಕ್ಕಿಕೊಂಡು ಗೋಡೆ ಹಾಳಾಗುತ್ತದೆ, ಅಲ್ಲಿಗೆ ಸುಣ್ಣದ ಗಾರೆಯೇ ಸರಿ. ಪ್ಲೈವುಡ್ ತರುವಾಗ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನ್ನುವ ಹಾನಿಕಾರಕ ಗ್ಯಾಸ್ ಎಷ್ಟು ಕಡಿಮೆ ಹೊರಬರುತ್ತದೆ ಅಂತ ನೋಡಿ, ಇ0 ಅಥವಾ ಇ1 ದರ್ಜೆ ಕೇಳಿ. ಬಣ್ಣದಲ್ಲಿ ವಿಒಸಿ, ಅಂದರೆ ಆವಿಯಾಗಿ ಗಾಳಿಗೆ ಸೇರುವ ರಾಸಾಯನಿಕಗಳು, ಕಡಿಮೆ ಇರಲಿ.

ಎಸಿ ಕೊಳ್ಳುವ ಮಾತು ಕೊನೆಗಿರಲಿ. ಬಿಸಿಲು ಜಾಸ್ತಿ ಇರುವ ಕಡೆ ಮೊದಲು ತಾರಸಿಗೆ ಬಿಸಿಲು ಪ್ರತಿಫಲಿಸುವ ಬಿಳಿ ಬಣ್ಣ ಹೊಡೆಸಿ, ಕಿಟಕಿಗೆ ಹೊರಗಿಂದ ಸಜ್ಜಾ ಅಥವಾ ಬಿದಿರಿನ ಪರದೆ ಹಾಕಿಸಿ. ಒಳಗಿನ ಕರ್ಟನ್ ಅಷ್ಟಾಗಿ ಉಪಯೋಗಕ್ಕೆ ಬಾರದು, ಯಾಕೆಂದರೆ ಬಿಸಿಲು ಗಾಜು ದಾಟಿದ ಮೇಲೆ ಶಾಖ ಒಳಗೆ ಬಂದಾಯಿತು, ಅಲ್ವಾ? ಚಳಿ ಜಾಸ್ತಿ ಇರುವ ಕಡೆ ಬಾಗಿಲು ಕಿಟಕಿಗಳ ಸಂದು ಮುಚ್ಚಿಸೋದು, ಚಾವಣಿಗೆ ಇನ್ಸುಲೇಷನ್ ಹಾಕಿಸೋದು ಮೊದಲು. ಇದೆಲ್ಲ ಮುಗಿದ ಮೇಲೆ ಲೆಕ್ಕ ಹಾಕಿದರೆ ಎಸಿಯಾಗಲಿ ಹೀಟರ್ ಆಗಲಿ ಚಿಕ್ಕದೇ ಸಾಕಾಗಬಹುದು, ಕೆಲವೊಮ್ಮೆ ಬೇಡವೇ ಬೇಡ ಅನಿಸಬಹುದು. ಹಳೇ ಬಲ್ಬು ಇನ್ನೂ ಇದ್ದರೆ ಎಲ್‌ಇಡಿ ಹಾಕಿಬಿಡಿ.

ನೀರಿನಲ್ಲಿ ಸುಲಭದ ಉಳಿತಾಯ ನಲ್ಲಿಯ ಏರೇಟರ್, ಅಂದರೆ ನಲ್ಲಿಯ ಬಾಯಿಗೆ ಹಾಕುವ, ನೀರಿಗೆ ಗಾಳಿ ಬೆರೆಸುವ ಜಾಲರಿ. ಫ್ಲಶ್ ಟ್ಯಾಂಕ್ ಬದಲಿಸುವುದಾದರೆ 3 ಮತ್ತು 6 ಲೀಟರಿನ ಎರಡು ಬಟನ್ ಇರುವುದನ್ನು ತನ್ನಿ. ಆದರೆ ಇವನ್ನೆಲ್ಲ ಯಾವಾಗ ಬೇಕಾದರೂ ಹಾಕಿಸಬಹುದು. ನೆಲ ಅಗೆದಿರುವಾಗ ಮಾತ್ರ ಸಿಗುವ ಅವಕಾಶ ಒಂದಿದೆ: ಸ್ನಾನದ ನೀರು, ಬಟ್ಟೆ ಒಗೆದ ನೀರಿಗೆ ಟಾಯ್ಲೆಟ್ ಪೈಪಿಗೆ ಸೇರದಂತೆ ಬೇರೆ ಪೈಪ್ ಎಳೆಸಿ. ಗಿಡಗಳಿಗೆ ಈಗಲೇ ಬಿಡದಿದ್ದರೂ ಪರವಾಗಿಲ್ಲ, ಮುಂದೆ ಬೇಕೆನಿಸಿದಾಗ ಮತ್ತೆ ನೆಲ ಒಡೆಯಬೇಕಾಗಿಲ್ಲ.

ಉಳಿದ ಬಣ್ಣವನ್ನು ಚರಂಡಿಗೆ ಸುರಿಯಬೇಡಿ. ಡಬ್ಬದ ಮುಚ್ಚಳ ಬಿಗಿ ಮಾಡಿ, ಯಾವ ಕೋಣೆಯದು, ಯಾವ ಶೇಡ್ ನಂಬರ್ ಅಂತ ಬರೆದಿಡಿ, ಕಲೆ ಆದಾಗ ಪೂರ್ತಿ ಗೋಡೆಗೆ ಬಳಿಯೋದು ತಪ್ಪುತ್ತದೆ. ಟೈಲ್ಸ್ ಕೂಡ ನಾಲ್ಕೈದು ಎತ್ತಿಡಿ. ಪ್ಲಾಸ್ಟರ್ ಮುಚ್ಚುವ ಮೊದಲು ಪ್ರತಿ ಗೋಡೆಯ ಪೈಪ್, ವೈರ್ ಕಾಣುವ ಹಾಗೆ ಪಕ್ಕದಲ್ಲಿ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ. ನಾಳೆ ಎಲ್ಲಾದರೂ ಸೋರಿದರೆ ಅಂಗೈ ಅಗಲ ಒಡೆದರೆ ಸಾಕು.