ಸೆಗ್ಮೆಂಟ್ ಕತ್ತರಿಸಿಡದೆ ವಿಡಿಯೊ ಆನ್ ಡಿಮ್ಯಾಂಡ್: ಒಂದೇ ಸರ್ವರ್‌ನಲ್ಲಿ ನನ್ನ ಅನುಭವ

ಸುಮಾರು 700 ಗಂಟೆಗಳ ಪಾಠದ ವಿಡಿಯೊ, ಎಂಟು ಕೋರ್‌ನ ಒಂದು ಹಳೇ ಸರ್ವರ್, ಒಂದು ಗಿಗಾಬಿಟ್ ಲೈನ್. ಇಷ್ಟರಲ್ಲೇ ವಿಒಡಿ (ವಿಡಿಯೊ ಆನ್ ಡಿಮ್ಯಾಂಡ್) ನಡೆಸ್ತೀನಿ, ಅದೂ ಸೆಗ್ಮೆಂಟ್‌ಗಳನ್ನು, ಅಂದರೆ ಕೆಲವೇ ಸೆಕೆಂಡ್‌ನ ತುಂಡುಗಳನ್ನು, ಮೊದಲೇ ಕತ್ತರಿಸಿಡದೆ ಅಂದಾಗ ನಕ್ಕವರೇ ಜಾಸ್ತಿ. "ಕೇಳಿದ ಹೊತ್ತಿಗೆ ಸೆಗ್ಮೆಂಟ್ ಮಾಡಿಕೊಡೋದಾ? ಮುನ್ನೂರು ಜನ ಒಟ್ಟಿಗೆ ಬಂದರೆ ಮಷಿನ್ ಮಲಗಿಬಿಡುತ್ತೆ ಸಾರ್" ಅಂತ ನಮ್ಮ ತಂಡದವರೇ ಒಬ್ಬರು ಮುಖದ ಮೇಲೆ ಹೇಳಿದರು. ಈಗ ಪರೀಕ್ಷೆ ಸಮಯದಲ್ಲಿ 350ರ ಆಸುಪಾಸು ಜನ ಒಟ್ಟಿಗೆ ನೋಡ್ತಾರೆ. ಸಿಪಿಯು 15 ಪರ್ಸೆಂಟ್ ದಾಟೋದು ಅಪರೂಪ. ಹಾಗೆ ಹೇಳಿದವರೇ ಈಗ ತಮ್ಮ ಇನ್ನೊಂದು ಪ್ರಾಜೆಕ್ಟ್‌ಗೂ ಇದನ್ನೇ ಹಾಕಿಕೊಡಿ ಅಂತಿದ್ದಾರೆ.

ಮೊದಲಿದ್ದ ವ್ಯವಸ್ಥೆ ಎಲ್ಲರಿಗೂ ಗೊತ್ತಿರೋದೇ. ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೊ ಪರಿವರ್ತನೆಯ ಟೂಲ್‌ನಲ್ಲಿ ನಾಲ್ಕು ಗುಣಮಟ್ಟಕ್ಕೆ ಎನ್ಕೋಡ್ ಮಾಡಿ, ಆರಾರು ಸೆಕೆಂಡ್‌ನ ಟಿಎಸ್ ತುಂಡುಗಳಾಗಿ ಕತ್ತರಿಸಿ, ಫೋಲ್ಡರ್‌ಗೆ ಸುರಿದಿಡೋದು. ಒಂದು ಗಂಟೆಯ ಪಾಠಕ್ಕೆ 600 ತುಂಡು, ನಾಲ್ಕು ಗುಣಮಟ್ಟ ಅಂದ್ರೆ 2400 ಫೈಲ್. ಲೆಕ್ಕ ಹಾಕಿ, 700 ಗಂಟೆಗೆ ಹದಿನೇಳು ಲಕ್ಷದ ಹತ್ತಿರ. ಬ್ಯಾಕಪ್‌ಗೆ ಫೈಲ್ ನಕಲು ಮಾಡುವ ಆರ್‌ಸಿಂಕ್ ರಾತ್ರಿ ಶುರುವಾದರೆ ಫೈಲ್ ಪಟ್ಟಿ ಮಾಡಿ ಮುಗಿಸುವಷ್ಟರಲ್ಲಿ ಬೆಳಗಾಗ್ತಿತ್ತು. ಅಷ್ಟರಲ್ಲಿ ಒಂದು ದಿನ ಅಪ್‌ಲೋಡ್ ನಿಂತೇಹೋಯ್ತು. ಡಿಸ್ಕ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ, ಆದರೂ ಜಾಗ ಇಲ್ಲ ಅಂತ ಎರರ್. ಐನೋಡ್ (ಪ್ರತಿ ಫೈಲ್‌ಗೂ ಡಿಸ್ಕ್‌ನಲ್ಲಿ ಬೇಕಾಗುವ ಒಂದು ದಾಖಲೆ) ಮುಗಿದಿತ್ತು. ವಿಡಿಯೊ ತಾನೆ, ದೊಡ್ಡ ಫೈಲೇ ಇರ್ತವೆ ಅಂತ ಆ 4 ಟಿಬಿ ಡಿಸ್ಕನ್ನು ಹಿಂದೆ ಯಾರೋ 4 ಎಂಬಿಗೆ ಒಂದೇ ಐನೋಡ್ ಇರುವಂತೆ ಫಾರ್ಮ್ಯಾಟ್ ಮಾಡಿದ್ದರು. ಅಲ್ಲಿಗೆ ಹತ್ತು ಲಕ್ಷ ಫೈಲ್ ಆಗುವ ಮೊದಲೇ ಬಾಗಿಲು ಮುಚ್ಚಿತು.

ಕ್ಲೌಡ್‌ನಲ್ಲಿ ಮಾಡಿಬಿಡೋಣ ಅಂತ ಒಂದು ಕಡೆಯಿಂದ ಕೊಟೇಶನ್ ತರಿಸಿದ್ವಿ. ಎನ್ಕೋಡಿಂಗ್‌ಗೆ ನಿಮಿಷದ ಲೆಕ್ಕದಲ್ಲಿ ಒಂದು ದರ, ಇಡೋದಕ್ಕೆ ಒಂದು ದರ, ಹೊರಗೆ ಹೋಗುವ ಒಂದೊಂದು ಜಿಬಿಗೂ ಇನ್ನೊಂದು. ಮೊದಲೆರಡನ್ನು ಹೇಗೋ ಸಹಿಸಬಹುದು, ಮೂರನೆಯದು ತಲೆ ತಿರುಗಿಸುತ್ತೆ. 2.5 ಎಂಬಿಪಿಎಸ್‌ನಲ್ಲಿ ಒಬ್ಬರು ಒಂದು ಗಂಟೆ ನೋಡಿದರೆ 1.1 ಜಿಬಿ ಚಿಲ್ಲರೆ ಆಯ್ತು. ಅದನ್ನು ವಿದ್ಯಾರ್ಥಿಗಳ ಸಂಖ್ಯೆಗೆ, ದಿನಕ್ಕೆ, ತಿಂಗಳಿಗೆ ಗುಣಿಸುತ್ತಾ ಹೋದರೆ ಎರಡು ಮೂರು ತಿಂಗಳ ಬಿಲ್‌ನಲ್ಲಿ ಈಗಿರುವಂಥ ಇನ್ನೊಂದು ಮಷಿನ್ ಬರುತ್ತೆ. ಕೊಟೇಶನ್ ಮಡಚಿಟ್ಟು ಇರುವ ಮಷಿನ್ ಕಡೆಗೇ ತಿರುಗಿದೆ.

ಎಂಜಿನ್‌ಎಕ್ಸ್ ವೆಬ್ ಸರ್ವರ್‌ಗೆ ಕಲ್ಟುರಾ ಕಂಪನಿಯವರ ವಿಒಡಿ ಮಾಡ್ಯೂಲ್ ಸೇರಿಸಿ ಕಂಪೈಲ್ ಮಾಡೋದು ಅರ್ಧ ಗಂಟೆಯ ಕೆಲಸ, ಅದನ್ನು ಇಲ್ಲಿ ವಿವರಿಸಲ್ಲ. ಪ್ರತಿ ಗುಣಮಟ್ಟಕ್ಕೆ ಒಂದು ಎಂಪಿ4, ಅಂದರೆ ಪಾಠಕ್ಕೆ ನಾಲ್ಕೇ ಫೈಲ್. ಪ್ಲೇಯರ್ ಕೇಳಿದಾಗ ಮಾಡ್ಯೂಲ್ ಅದರಿಂದ ಬೇಕಾದ ಆರು ಸೆಕೆಂಡ್ ಎತ್ತಿ ಹೊಸ ಕವರ್ ಹಾಕಿ ಕಳಿಸುತ್ತೆ. ಇಲ್ಲಿ ಮರು ಎನ್ಕೋಡಿಂಗ್ ಇಲ್ಲ, ಬರೀ ಪ್ಯಾಕಿಂಗ್. ನಕ್ಕವರು ಲೆಕ್ಕ ತಪ್ಪಿದ್ದು ಇಲ್ಲೇ. ಮಷಿನ್‌ಗೆ ಸಿಪಿಯು ಕಷ್ಟ ಬರಲೇ ಇಲ್ಲ, ಬಂದದ್ದೆಲ್ಲ ಡಿಸ್ಕ್‌ನಿಂದ ಮತ್ತು ಫೈಲ್‌ಗಳಿಂದ.

ಮೊದಲ ಏಟು ಗುಣಮಟ್ಟ ಬದಲಾಗುವಾಗ ಬಿತ್ತು. 480ರಿಂದ 720ಕ್ಕೆ ಹಾರುವಾಗ ಚಿತ್ರ ಒಂದು ಕ್ಷಣ ಹಿಂದಕ್ಕೆ ಹೋಗಿ ಬರೋದು, ಕೆಲವೊಮ್ಮೆ ಮಾತೇ ಎರಡು ಸಲ ಕೇಳೋದು. ಎರಡೂ ಪ್ಲೇಲಿಸ್ಟ್ (ಸೆಗ್ಮೆಂಟ್‌ಗಳ ಪಟ್ಟಿ, ಒಂದೊಂದು ಎಷ್ಟು ಸೆಕೆಂಡ್ ಅನ್ನೋದರ ಸಮೇತ) ಪಕ್ಕಪಕ್ಕ ತೆರೆದು ನೋಡಿದೆ. 480ರದ್ದು 6.006, 6.006, 6.006 ಅಂತ ಸಾಲಾಗಿ ನಿಂತಿದೆ. 720ರದ್ದು 8.34, 4.17, 7.1 ಅಂತ ಕುಡುಕನ ಹೆಜ್ಜೆ. ಎಕ್ಸ್264 ಎನ್ಕೋಡರ್ ಡೀಫಾಲ್ಟ್‌ನಲ್ಲಿ ದೃಶ್ಯ ಬದಲಾದಲ್ಲೆಲ್ಲ ತಾನೇ ಕೀಫ್ರೇಮ್ (ಬೇರೆ ಫ್ರೇಮ್‌ನ ನೆರವಿಲ್ಲದ ಪೂರ್ತಿ ಚಿತ್ರ) ಹಾಕುತ್ತೆ, ಇಲ್ಲದಿದ್ದರೆ 250 ಫ್ರೇಮ್‌ವರೆಗೂ ಎಳೆಯುತ್ತೆ. 720ರ ಹಳೇ ಫೈಲ್‌ಗಳೆಲ್ಲ ಹಾಗೆ ಆದಂಥವು. ಮಾಡ್ಯೂಲ್‌ಗೆ ಕೀಫ್ರೇಮ್‌ನಲ್ಲೇ ಕತ್ತರಿಸು ಅಂತ ಹೇಳಿದ್ದೆ, ಅದು ಪಾಪ ಹೇಳಿದಂತೆಯೇ ಮಾಡಿತ್ತು. ದೃಶ್ಯ ನೋಡಿ ಕೀಫ್ರೇಮ್ ಹಾಕಿಸುವ ಸೀನ್‌ಕಟ್ ಸೊನ್ನೆ ಮಾಡಿ, ನಾಲ್ಕರಲ್ಲೂ ಎರಡೆರಡು ಸೆಕೆಂಡ್‌ಗೆ ಕಡ್ಡಾಯ ಕೀಫ್ರೇಮ್ ಹಾಕಿಸಿದ ಮೇಲೆ ನಾಲ್ಕು ಪ್ಲೇಲಿಸ್ಟೂ ಒಂದೇ ಅಚ್ಚಿನಲ್ಲಿ ಬಂದವು. ಒಂದೇ ಸಲ ಡಿಕೋಡ್ ಮಾಡಿ, ಸ್ಪ್ಲಿಟ್ ಮಾಡಿ, ಒಂದೇ ಕಮಾಂಡ್‌ನಲ್ಲಿ ನಾಲ್ಕನ್ನೂ ತೆಗೀರಿ. ಸಮಯವೂ ಉಳಿಯುತ್ತೆ, ಹೊಂದಾಣಿಕೆಯೂ ತಪ್ಪಲ್ಲ. ನನ್ನ ಮಷಿನ್‌ನಲ್ಲಿ ಒಂದು ಗಂಟೆಯ ಪಾಠಕ್ಕೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು ಅಂತ ನೆನಪು.

ಆದರೂ ಆನ್‌ಲೈನ್ ಮೀಟಿಂಗ್‌ನ ರೆಕಾರ್ಡಿಂಗ್‌ಗಳು ಬಗ್ಗಲಿಲ್ಲ. ಅವುಗಳಲ್ಲಿ ಫ್ರೇಮ್‌ರೇಟ್ ಸ್ಥಿರವಾಗಿರಲ್ಲ. ಮೇಷ್ಟ್ರು ಒಂದೇ ಸ್ಲೈಡ್ ಮೇಲೆ ಐದು ನಿಮಿಷ ನಿಂತರೆ ಫ್ರೇಮ್‌ಗಳೇ ವಿರಳ. ಫ್ರೇಮ್ ಎಣಿಸಿ ಕೀಫ್ರೇಮ್ ಹಾಕುವವರಿಗೆ ಅಲ್ಲಿ 20 ಸೆಕೆಂಡ್ ದಾಟಿದ ಸೆಗ್ಮೆಂಟ್ ಸಿಗುತ್ತೆ. ಮೊದಲು ಸೆಕೆಂಡ್‌ಗೆ 30 ಫ್ರೇಮ್‌ಗೆ ಸಮ ಮಾಡಿ, ಆಮೇಲೆ ಮುಂದಿನ ಮಾತು.

ಡಿಸ್ಕ್ ವಿಷಯಕ್ಕೆ ಬರೋಣ. ಎಂಪಿ4ನ ಮೂವ್ ಆಟಮ್ (ಯಾವ ಫ್ರೇಮ್ ಫೈಲ್‌ನಲ್ಲಿ ಎಲ್ಲಿದೆ ಅನ್ನೋ ಸೂಚಿ) ಇಲ್ಲದೆ ಮಾಡ್ಯೂಲ್‌ಗೆ ಏನೂ ಕಾಣಲ್ಲ, ಪ್ರತಿ ಸೆಗ್ಮೆಂಟ್‌ಗೂ ಅದನ್ನು ನೋಡಲೇಬೇಕು. ಫಾಸ್ಟ್‌ಸ್ಟಾರ್ಟ್ ಹಾಕಿ ಅದನ್ನು ಫೈಲ್‌ನ ಮುಂದಕ್ಕೆ ತಂದಿಡಿ, ಆ ಸೂಚಿಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಮೆಟಾಡೇಟಾ ಕ್ಯಾಶ್‌ಗೆ ಧಾರಾಳವಾಗಿ ಮೆಮೊರಿ ಕೊಡಿ. ನಾನು ಒಂದು ಜಿಬಿ ಕೊಟ್ಟಿದ್ದೇನೆ. ಅದರ ಮುಂದೆ, ಅದೇ ಮಷಿನ್‌ನಲ್ಲೇ, ಎಸ್‌ಎಸ್‌ಡಿ ಮೇಲೆ ಇನ್ನೊಂದು ಪ್ರಾಕ್ಸಿ ಕ್ಯಾಶ್, ಒಮ್ಮೆ ಕೊಟ್ಟ ಸೆಗ್ಮೆಂಟನ್ನು ಇಟ್ಟುಕೊಂಡು ಮತ್ತೆ ಕೊಡೋಕೆ. ಹೊಸ ಪಾಠ ಹಾಕಿದ ಕೂಡಲೇ ಎಲ್ಲರೂ ಮುಗಿಬೀಳ್ತಾರೆ. ಕ್ಯಾಶ್ ಲಾಕ್ ಆನ್ ಮಾಡಿದ್ದರೆ ಒಂದು ಸೆಗ್ಮೆಂಟ್‌ಗೆ ಒಬ್ಬರ ಕೋರಿಕೆ ಮಾತ್ರ ಒಳಗೆ ಹೋಗುತ್ತೆ, ಉಳಿದವರು ಅದೇ ಉತ್ತರಕ್ಕೆ ಕಾದು ತಗೊಳ್ತಾರೆ.

ಇಷ್ಟೆಲ್ಲ ಮಾಡಿಯೂ ಕ್ಯಾಶ್ ಹಿಟ್ (ಕ್ಯಾಶ್‌ನಿಂದಲೇ ಉತ್ತರ ಸಿಕ್ಕ ಕೋರಿಕೆಗಳು) ಮೂರೋ ನಾಲ್ಕೋ ಪರ್ಸೆಂಟ್! ಲಾಗ್‌ನಲ್ಲಿ ನೋಡಿದರೆ ಮಿಸ್, ಮಿಸ್, ಮಿಸ್. ಲಾಗಿನ್ ಭದ್ರತೆಗೆ ಅಂತ ಪ್ರತಿಯೊಬ್ಬರ ಯುಆರ್‌ಎಲ್‌ನಲ್ಲೂ ಬೇರೆ ಬೇರೆ ಟೋಕನ್ (ಅನುಮತಿಯ ಗುರುತು). ಕ್ಯಾಶ್ ಕಣ್ಣಿಗೆ ಅವೆಲ್ಲ ಬೇರೆ ಬೇರೆ ಫೈಲ್. ಕ್ಯಾಶ್ ಫೈಲ್ ಗುರುತಿಸಲು ಬಳಸುವ ಕೀಯಿಂದ ಟೋಕನ್ ಕಿತ್ತುಹಾಕಿದೆ, ಟೋಕನ್ ತಪಾಸಣೆಯನ್ನು ಮುಂಭಾಗದ ಪ್ರಾಕ್ಸಿಯಲ್ಲೇ ಮುಗಿಸಿದೆ, ಹಿಟ್ 90ರ ಹತ್ತಿರ ಬಂತು. ಟೋಕನ್ನನ್ನು ಪ್ರಶ್ನಾರ್ಥಕ ಚಿಹ್ನೆಯ ಆಚೆ ಇಡಬೇಡಿ. ಪ್ಲೇಲಿಸ್ಟ್‌ನೊಳಗಿನ ಸೆಗ್ಮೆಂಟ್ ವಿಳಾಸಗಳು ರಿಲೇಟಿವ್ ಆಗಿದ್ದರೆ ಅದು ಜೊತೆಗೆ ಬರಲ್ಲ, ಪ್ಲೇಲಿಸ್ಟ್ ಸಿಕ್ಕಿ ವಿಡಿಯೊ ಸಿಗದೆ 403 ಬರುತ್ತೆ. ಪಾತ್‌ನೊಳಗೇ ಸೇರಿಸಿ. ಲಿಂಕನ್ನು ಗೆಳೆಯರಿಗೆ ಹಂಚಿದರೆ ತೆರೆಯದ ಹಾಗೆ ಟೋಕನ್ ಕಟ್ಟುವ ಬಗೆ ಒಂದಿದೆ. ಅದನ್ನು ಇಲ್ಲಿ ಬರೆದರೆ ನಮ್ಮ ವಿದ್ಯಾರ್ಥಿಗಳೇ ಮೊದಲು ಓದುತ್ತಾರೆ, ಹಾಗಾಗಿ ಬೇಡ.

ದುಡ್ಡು ಉಳಿದದ್ದು ಮುಖ್ಯವಾಗಿ ಬಿಟ್‌ರೇಟ್‌ನಲ್ಲಿ (ಸೆಕೆಂಡ್‌ಗೆ ಹೋಗುವ ಡೇಟಾ). ನಾಲ್ಕು ಗುಣಮಟ್ಟದ ಹಳೇ ಏಣಿ 4.5, 2.5, 1.2, 0.6 ಎಂಬಿಪಿಎಸ್ ಅಂತ ಗಟ್ಟಿಯಾಗಿ ಕೂತಿತ್ತು, ಗಂಟೆಗೆ ಒಟ್ಟು 4 ಜಿಬಿ. ಸ್ಲೈಡ್ ಮತ್ತು ಕಪ್ಪು ಹಲಗೆಗೆ ಇಷ್ಟು ಯಾಕೆ? ಗುಣಮಟ್ಟವನ್ನು ಹಿಡಿದಿಟ್ಟು ಬಿಟ್‌ರೇಟ್ ಬದಲಾಗಲು ಬಿಡುವ ಸಿಆರ್‌ಎಫ್ 23 ಇಟ್ಟು, ಮೇಲೊಂದು ಮ್ಯಾಕ್ಸ್‌ರೇಟ್ (ಬಿಟ್‌ರೇಟ್‌ಗೆ ಮಿತಿ) ಹಾಕಿದೆ, ಅಷ್ಟೆ. 1080ಪಿ ಗುಣಮಟ್ಟದ ಪಾಠಗಳ ಸರಾಸರಿ ಒಂದು ಎಂಬಿಪಿಎಸ್‌ನ ಅಕ್ಕಪಕ್ಕಕ್ಕೆ ಇಳಿಯಿತು. ಅಕ್ಷರ ಮೊದಲಿಗಿಂತ ಚೂಪಾಗಿ ಕಾಣೋಕೆ ಎನ್ಕೋಡ್‌ಗೂ ಮುಂಚೆ ಒಂದು ಸಣ್ಣ ಫಿಲ್ಟರ್ ಹಾಕ್ತೀನಿ, ಅದು ನನ್ನ ಹತ್ತಿರವೇ ಇರಲಿ. ಪ್ಲೇಯರ್ ಕಿಟಕಿಯ ಅಳತೆ ಮೀರಿದ ಗುಣಮಟ್ಟ ಎಳೆಯಬೇಡ ಅಂತ ಬ್ರೌಸರ್‌ನಲ್ಲಿ ವಿಡಿಯೊ ಓಡಿಸುವ ಎಚ್‌ಎಲ್‌ಎಸ್ ಡಾಟ್ ಜೆಎಸ್‌ಗೆ ಹೇಳಿದ ಒಂದೇ ಸಾಲು ಇನ್ನೂ ಕಾಲು ಭಾಗದಷ್ಟು ಡೇಟಾ ಇಳಿಸಿತು. ಮೊಬೈಲ್‌ನಲ್ಲಿ ನೋಡುವವರಿಗೆ 1080 ಕಳಿಸುತ್ತಿದ್ದದ್ದು ಸುಮ್ಮನೆ ದಂಡ. 350 ಜನ ಇದ್ದಾಗಲೂ ಲೈನ್‌ನ ಮೂರನೇ ಒಂದು ಭಾಗವೂ ತುಂಬಲ್ಲ.

ನಡುವೆ ಎವಿ1 ಅನ್ನೋ ಹೊಸ ವಿಡಿಯೊ ಕೋಡೆಕ್ (ವಿಡಿಯೊ ಕುಗ್ಗಿಸುವ ವಿಧಾನ) ಕಡೆ ಒಂದು ಸುತ್ತು ಹೋಗಿ ಬಂದೆ. ಸ್ಲೈಡ್ ವಿಡಿಯೊ ಅರ್ಧಕ್ಕರ್ಧ ಇಳಿಯುತ್ತೆ, ನೋಡಿದರೆ ಆಸೆಯಾಗುತ್ತೆ. ಆದರೆ ಹಳೇ ಫೋನ್‌ಗಳಲ್ಲಿ ಅದಕ್ಕೆ ಹಾರ್ಡ್‌ವೇರ್ ಡಿಕೋಡರ್ ಇಲ್ಲ. ಪರೀಕ್ಷೆಗೆ ಇಟ್ಟಿದ್ದ ಫೋನ್ ಕೈಲಿ ಹಿಡಿಯಲಾರದಷ್ಟು ಬಿಸಿಯಾಯ್ತು, ಬ್ಯಾಟರಿ ಕಣ್ಣೆದುರೇ ಇಳೀತು. ಮೊದಲಿನ ಕೋಡೆಕ್ ಎಚ್264ಗೇ ವಾಪಸ್. ಸೆಗ್ಮೆಂಟನ್ನು ಎರಡು ಸೆಕೆಂಡ್‌ಗೆ ಇಳಿಸಿಯೂ ನೋಡಿದೆ. ಶುರುವಾಗೋದು ಚುರುಕು ನಿಜ, ಆದರೆ ಕೋರಿಕೆಗಳ ಸಂಖ್ಯೆ ಮೂರು ಪಟ್ಟು. ಲೈವ್ ಅಲ್ಲದ ಮೇಲೆ ಆ ಚುರುಕು ಯಾರಿಗೆ ಬೇಕು, ಆರೇ ಇರಲಿ ಅಂತ ಬಿಟ್ಟೆ. ಮಾಡ್ಯೂಲನ್ನು ಎಫ್‌ಎಫ್‌ಎಂಪೆಗ್ ಲೈಬ್ರರಿಗಳ ಜೊತೆ ಕಂಪೈಲ್ ಮಾಡಿದರೆ ಯಾವ ಸೆಕೆಂಡ್‌ನ ಥಂಬ್‌ನೇಲ್ ಕೇಳಿದರೂ ಕೊಡುತ್ತೆ. ಸೀಕ್ ಬಾರ್ ಮೇಲೆ ಬೆರಳಿಟ್ಟಾಗ ಸ್ಲೈಡ್ ಕಾಣಿಸೋದು ಹುಡುಗರಿಗೆ ಎಲ್ಲಕ್ಕಿಂತ ಇಷ್ಟವಾಯ್ತು, ನಾನು ಅದಕ್ಕೆ ಪಟ್ಟ ಶ್ರಮ ಒಂದು ಸಂಜೆಯದ್ದೂ ಅಲ್ಲ.

ಸಬ್‌ಟೈಟಲ್ ಇನ್ನೂ ಬಾಕಿ. ಈಗಿರುವ ಲೋಕಲ್ ಮೋಡ್‌ನಲ್ಲಿ ನಾಲ್ಕು ಫೈಲ್ ಹೆಸರನ್ನು ಕಾಮಾ ಹಾಕಿ ಯುಆರ್‌ಎಲ್‌ನಲ್ಲೇ ಕೊಟ್ಟರೆ ಸಾಕು. ಸಬ್‌ಟೈಟಲ್‌ಗೆ ಮ್ಯಾಪ್ಡ್ ಮೋಡ್‌ಗೆ ಹೋಗಿ, ಪ್ರತಿ ಪಾಠಕ್ಕೂ ಫೈಲ್‌ಗಳ ವಿವರ ಇರುವ ಒಂದು ಜೇಸನ್ ಕೊಡುವ ಸಣ್ಣ ಸರ್ವಿಸ್ ಬರೀಬೇಕು. ಪರೀಕ್ಷೆಗಳು ಮುಗಿಯಲಿ ಅಂತ ಕಾಯ್ತಿದ್ದೀನಿ. ಓಡುತ್ತಿರುವ ಕಾನ್ಫಿಗ್‌ಗೆ ಈಗ ಕೈ ಹಾಕೋಕೆ ಮನಸ್ಸಿಲ್ಲ.