ಪಾಲಿಸಿ ಬಂದಾಗ ನಾನು ಮೊದಲು ನೋಡುವುದು ಜಾಗ

ಮುಂಬೈ ಸುತ್ತಮುತ್ತ, ಮಾಟುಂಗಾ, ಡೊಂಬಿವಲಿ ಕಡೆಯ ನಮ್ಮವರ ಹೋಟೆಲು, ಅಂಗಡಿಗಳಿಗೆ ವಿಮೆ ಮಾಡಿಸಿಕೊಡುವುದು ನನ್ನ ಕೆಲಸ. ಪಾಲಿಸಿ ಕೈಗೆ ಬಂದ ತಕ್ಷಣ ಎಲ್ಲರೂ ಮೊತ್ತ ನೋಡುತ್ತಾರೆ. ನಾನು ಷೆಡ್ಯೂಲ್, ಅಂದರೆ ಪಾಲಿಸಿಯ ವಿವರಗಳ ಪುಟ ತೆಗೆದು, ಯಾವ ಯಾವ ಜಾಗಕ್ಕೆ ರಕ್ಷಣೆ ಅಂತ ಬರೆದಿದ್ದಾರೆ ಎಂದು ನೋಡುತ್ತೇನೆ.

ಒಬ್ಬ ಹೋಟೆಲ್ ಮಾಲೀಕರು ಅಕ್ಕಿ ಮೂಟೆ, ಎಣ್ಣೆ ಡಬ್ಬಗಳನ್ನೆಲ್ಲ ಭಿವಂಡಿಯ ಬಾಡಿಗೆ ಗೋಡೌನಿಗೆ ಸಾಗಿಸಿದ್ದರು. ಬೆಂಕಿ ವಿಮೆಯಲ್ಲಿ ಮಾತ್ರ ಮಾಟುಂಗಾದ ವಿಳಾಸವೇ ಇತ್ತು.

"ಮಾಲು ನಂದೇ ಅಲ್ವಾ ಮಾರಾಯ್ರೆ, ಎಲ್ಲಿದ್ರೇನು?"

"ಮಾಲು ನಿಮ್ದೇ ಶೆಟ್ರೇ. ಆದ್ರೆ ವಿಮೆ ಇರೋದು ಈ ವಿಳಾಸದಲ್ಲಿರೋ ಮಾಲಿಗೆ."

ಅವತ್ತೇ ಗೋಡೌನಿನ ಬಾಡಿಗೆ ಕರಾರು ತರಿಸಿಕೊಂಡೆ. ಸುಮ್ನೆ 'ಭಿವಂಡಿ' ಎಂದು ಬರೆದರೆ ಸಾಲದು, ಅಲ್ಲಿ ಸಾಲು ಸಾಲು ಗೋಡೌನುಗಳಿವೆ. ಹಳ್ಳಿಯ ಹೆಸರು, ಕಾಂಪೌಂಡ್, ಕಟ್ಟಡ, ಗಾಲಾ (ಗೋಡೌನಿನ ಒಂದೊಂದು ವಿಭಾಗ) ನಂಬರ್, ಪಿನ್‌ಕೋಡ್, ಛಾವಣಿ ಶೀಟಿನದೋ ಸ್ಲ್ಯಾಬಿನದೋ, ಪಕ್ಕದ ಗಾಲಾದಲ್ಲಿ ಏನಿಟ್ಟಿದ್ದಾರೆ, ಇಷ್ಟನ್ನೂ ಬರೆದು ಕಂಪನಿಗೆ ಮೇಲ್ ಹಾಕಿದೆ. ಮಾಲು ಇವತ್ತು ಅಲ್ಲಿ, ನಾಳೆ ಇಲ್ಲಿ. ಒಂದೊಂದು ಜಾಗಕ್ಕೆ ಬೇರೆ ಬೇರೆ ಮೊತ್ತ ಹಾಕಿದರೆ ಲೆಕ್ಕ ಕೂಡುವುದೇ ಇಲ್ಲ. ಅದಕ್ಕೆ ಎರಡೂ ವಿಳಾಸ ಹೆಸರಿಸಿ, ಎರಡೂ ಕಡೆಯ ಮಾಲಿಗೆ ಸೇರಿ ಒಂದೇ ಮೊತ್ತದ ವಿಮೆ, ಅಂದರೆ ಫ್ಲೋಟರ್ ಕೇಳಿದೆ. ಪ್ರೀಮಿಯಂ ಸ್ವಲ್ಪ ಜಾಸ್ತಿಯಾಯಿತು. ಈ ಬದಲಾವಣೆ ದಾಖಲಿಸಿದ ಎಂಡಾರ್ಸ್‌ಮೆಂಟ್ ಕೈಗೆ ಬಂದ ಮೇಲೆ ಗಾಲಾ ನಂಬರನ್ನು ಕರಾರಿನ ಜೊತೆ ಅಂಕಿ ಅಂಕಿ ಹೋಲಿಸಿ ನೋಡಿದೆ. ಕ್ಲೈಮ್ ಬಂದಾಗ ನಷ್ಟ ಅಳೆಯಲು ಬರುವ ಸರ್ವೇಯರ್ ಓದುವುದು ಆ ಸಾಲನ್ನೇ.

ಕಾರಿನದು ಸುಲಭ. ಗೋವಾಕ್ಕೆ ಹೋಗಿ, ಊರಿಗೆ ಹೋಗಿ, ಭಾರತದ ಒಳಗೆ ಎಲ್ಲಿದ್ದರೂ ನಡೆಯುತ್ತದೆ. ನೇಪಾಳ, ಭೂತಾನಕ್ಕೆ ಓಡಿಸುವುದಾದರೆ ಹೊರಡುವ ಮೊದಲೇ ಹೆಚ್ಚುವರಿ ಪ್ರೀಮಿಯಂ ಕಟ್ಟಿ, ಆ ದೇಶವನ್ನು ಪಾಲಿಸಿಗೆ ಸೇರಿಸಿಕೊಳ್ಳಬೇಕು.

ನನಗೆ ಜಾಸ್ತಿ ಸಂಕಟ ಆಗುವುದು ಆರೋಗ್ಯ ವಿಮೆಯಲ್ಲಿ. ಮಕ್ಕಳು ಮುಂಬೈಯಲ್ಲಿ, ಅಪ್ಪ ಅಮ್ಮ ಕುಂದಾಪುರದಲ್ಲಿ. ಪಾಲಿಸಿ ಊರಿನ ವಿಳಾಸಕ್ಕೆ. ದೊಡ್ಡ ಆಪರೇಷನ್ ಅಂದರೆ ಮಾತ್ರ ಕರೆತರುವುದು ಇಲ್ಲಿಗೇ. ಹಲವು ಕಂಪನಿಗಳು ಚಿಕಿತ್ಸೆಯ ಖರ್ಚು ನೋಡಿ ಊರುಗಳನ್ನು ಝೋನ್ ಮಾಡಿ ಪ್ರೀಮಿಯಂ ಹಾಕುತ್ತವೆ. ಮುಂಬೈ ಸಾಮಾನ್ಯವಾಗಿ ದುಬಾರಿ ಝೋನಿನಲ್ಲಿರುತ್ತದೆ. ಕಡಿಮೆ ಝೋನಿನ ಪ್ರೀಮಿಯಂ ಕಟ್ಟಿ ಇಲ್ಲಿ ಚಿಕಿತ್ಸೆ ಪಡೆದರೆ, ಕೆಲವು ಪಾಲಿಸಿಗಳಲ್ಲಿ ಬಿಲ್ಲಿನ ಒಂದು ಪಾಲನ್ನು ನಾವೇ ಕೊಡಬೇಕು. ಆ ಕೋ-ಪೇ ಶೇಕಡಾ 20 ಇದ್ದರೆ, 4 ಲಕ್ಷದ ಬಿಲ್ಲಿಗೆ 80,000 ರೂಪಾಯಿ ಕೈಯಿಂದ ಹೋಗುತ್ತದೆ. ಡಿಸ್ಚಾರ್ಜ್ ಕೌಂಟರಿನಲ್ಲಿ ನಿಂತು ಇದನ್ನು ಕೇಳುವ ಪರಿಸ್ಥಿತಿ ಯಾರಿಗೂ ಬರಬಾರದು.

ಹಾಗಾಗಿ ಚಿಕಿತ್ಸೆ ಎಲ್ಲಿ ಮಾಡಿಸುತ್ತೀರಿ ಎಂದು ಮನೆಯವರನ್ನು ಮೊದಲೇ ಕೇಳುತ್ತೇನೆ. ಮುಂಬೈ ಎಂದರೆ, ವಿಳಾಸ ಊರಿನದೇ ಇರಲಿ, ಮೇಲಿನ ಝೋನಿನ ಪ್ರೀಮಿಯಂ ಕಟ್ಟುವ ಅವಕಾಶ ಇದೆಯಾ ಎಂದು ಕಂಪನಿಯಿಂದ ಬರಹದಲ್ಲಿ ಉತ್ತರ ತರಿಸುತ್ತೇನೆ. ಫೋನಿನಲ್ಲಿ 'ಆಗುತ್ತೆ ಸಾರ್' ಅಂದದ್ದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇದನ್ನೆಲ್ಲ ನವೀಕರಣದ ಗಡುವಿಗೆ ಒಂದು ತಿಂಗಳು ಮುಂಚೆಯೇ ಶುರು ಮಾಡಿ. ಝೋನ್ ಬದಲಾವಣೆಯನ್ನು ಎಷ್ಟೋ ಕಂಪನಿಗಳು ನವೀಕರಣದ ಹೊತ್ತಿನಲ್ಲಷ್ಟೇ ಒಪ್ಪುತ್ತವೆ.