ಲ್ಯಾಬಿಗೆ ಬಂದ ಕಲ್ಲು

ಡಬ್ಬಿ ಅಲ್ಲಾಡಿಸಿದರೆ ಕಟಕಟ ಸದ್ದು. ಒಳಗಿದ್ದದ್ದು ಮಿದುಳಿನಿಂದ ತೆಗೆದ ಗಡ್ಡೆ, ಮುಟ್ಟಿದರೆ ಜಲ್ಲಿಕಲ್ಲು. "ಇದನ್ನ ಕೊಯ್ಯೋದು ಹೇಗೆ ಮೇಡಂ?" ಎಂದ ನಮ್ಮ ಟೆಕ್ನಿಷಿಯನ್. ಅವನಿಗೆ ಬ್ಲೇಡಿನ ಚಿಂತೆ. ನ್ಯಾಯವಾದದ್ದೇ.

ರೋಗಿಗೆ ನಲವತ್ತು ದಾಟಿತ್ತು. ಫಿಟ್ಸ್ ಬಂತೆಂದು ಸಿಟಿ ಸ್ಕ್ಯಾನ್ ಮಾಡಿಸಿದಾಗ ಸಿಕ್ಕಿದ್ದು ಇದು. ನಮ್ಮ ಕಡೆ ಫಿಟ್ಸ್ ಜೊತೆ ಮಿದುಳಲ್ಲಿ ಸುಣ್ಣ, ಅಂದರೆ ಗಟ್ಟಿಯಾದ ಕ್ಯಾಲ್ಸಿಯಂ, ಕಂಡರೆ ಮೊದಲು ನೆನಪಾಗುವುದು ಲಾಡಿಹುಳು, ಆಮೇಲೆ ಟಿಬಿ. ಆದರೆ ಹುಳು ಸತ್ತು ಉಳಿಯುವ ಸುಣ್ಣ ಸಾಮಾನ್ಯವಾಗಿ ಸಣ್ಣ ಚುಕ್ಕಿ. ಇದು ನಿಂಬೆಹಣ್ಣಿನಷ್ಟಿತ್ತು. ಸರ್ಜನ್ ಫಾರಂನಲ್ಲಿ "ಮೆನಿಂಜಿಯೋಮಾ? ಆಲಿಗೋಡೆಂಡ್ರೋಗ್ಲಿಯೋಮಾ?" ಎಂದು ಬರೆದಿದ್ದರು. ಮೊದಲನೆಯದು ಮಿದುಳಿನ ಪೊರೆಯ ಗಡ್ಡೆ, ಎರಡನೆಯದು ಮಿದುಳಿನದೇ ಗಡ್ಡೆ; ಎರಡರಲ್ಲೂ ಸುಣ್ಣ ಕಟ್ಟಬಹುದು.

ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದೆ. ಎಲ್ಲ ಚೂರುಗಳನ್ನೂ ಆಸಿಡ್‌ಗೆ ಹಾಕಲಿಲ್ಲ. ಸುಣ್ಣ ಕರಗಿಸಲು ಫಾರ್ಮಿಕ್ ಆಸಿಡ್ ಬೇಕು, ನಿಜ. ಆದರೆ ಆಸಿಡ್‌ನಲ್ಲಿ ನೆನೆದ ತುಂಡಿಗೆ ಇಮ್ಯುನೊ ಸ್ಟೇನ್ (ಯಾವ ಜಾತಿಯ ಜೀವಕಣ ಎಂದು ಗುರುತಿಸುವ ಬಣ್ಣ) ಹಾಕಿದರೆ ಬಣ್ಣವನ್ನು ಪೂರ್ತಿ ನಂಬುವಂತಿಲ್ಲ. ಹಿಂದೊಮ್ಮೆ ಹಾಗೆ ಮಾಡಿ ಪೇಚಿಗೆ ಸಿಕ್ಕಿದ್ದೆ. ಈ ಸಲ ಅಂಚಿನ ಮೆತ್ತನೆಯ ಚೂರುಗಳನ್ನು ಆರಿಸಿ ಬೇರೆ ಇಟ್ಟೆ.

ಸ್ಲೈಡ್ ಬಂತು. ನನ್ನ ಕಣ್ಣು ಮೊದಲು ಹೋಗಿದ್ದು ಸಮೋಮಾ ಬಾಡಿಗಳ ಮೇಲೆ, ಅಂದರೆ ಮೆನಿಂಜಿಯೋಮಾದಲ್ಲಿ ಕಾಣುವ, ಮರಳಿನ ಕಾಳಿನಂಥ ಸುಣ್ಣದ ಉಂಡೆಗಳ ಮೇಲೆ. ಮೆನಿಂಜಿಯೋಮಾಗೆ ಹತ್ತುವ ಇಎಂಎ ಸ್ಟೇನ್ ಕೂಡ ಕೆಲವು ಜೀವಕಣಗಳಲ್ಲಿ ಹತ್ತಿತು. ಮೆನಿಂಜಿಯೋಮಾ ಅಲ್ವಾ, ಮತ್ತಿನ್ನೇನು? ರಿಪೋರ್ಟ್ ಟೈಪ್ ಮಾಡಿಯೂ ಆಯಿತು. ಸಹಿ ಹಾಕುವ ಮುಂಚೆ ಯಾಕೋ ಸುಮ್ನೆ ಇನ್ನೊಮ್ಮೆ ನೋಡಿದೆ. ಮೆನಿಂಜಿಯೋಮಾದಲ್ಲಿ ಸಾಮಾನ್ಯವಾಗಿ ಕಣಗಳು ಸುಳಿ ಸುಳಿಯಾಗಿ ಸುತ್ತಿಕೊಂಡಿರುತ್ತವೆ. ಇಲ್ಲಿ ಒಂದೂ ಸುಳಿಯಿಲ್ಲ. ಇದ್ದದ್ದು ನೀಲಿ-ನೇರಳೆ ಬಣ್ಣದ, ಜೀವವಿಲ್ಲದ ರವೆಯಂಥ ಮುದ್ದೆಗಳು. ಅವುಗಳ ಸುತ್ತ ಬೇಲಿ ಕಟ್ಟಿದ ಹಾಗೆ ಉದ್ದನೆಯ ಕಣಗಳು. ಅಲ್ಲಲ್ಲಿ ದೈತ್ಯಕಣಗಳು, ನಾರು, ಒಂದು ಕಡೆ ಎಳೆಯ ಮೂಳೆ.

ಸ್ಲೈಡ್ ಬಿಟ್ಟು ರೇಡಿಯಾಲಜಿಗೆ ಇಳಿದೆ. ಮೊದಲೇ ಹೋಗಬೇಕಿತ್ತು. ಎಂಆರ್‌ಐನ ಟಿ1, ಟಿ2 ಎಂಬ ಎರಡು ಬಗೆಯ ಚಿತ್ರಗಳಲ್ಲೂ ಅದು ಕಪ್ಪು. ಕಾಂಟ್ರಾಸ್ಟ್ ಕೊಟ್ಟರೂ ಅಂಚಿನಲ್ಲಿ ಮಾತ್ರ ತೆಳುವಾಗಿ ಹೊಳೆಯುತ್ತಿತ್ತು. ಸುತ್ತ ಊತವೂ ಇಲ್ಲ.

ಆಗ ಹೊಳೆಯಿತು: ಕ್ಯಾಪ್‌ನಾನ್. ಪೂರ್ತಿ ಹೆಸರು ಕ್ಯಾಲ್ಸಿಫೈಯಿಂಗ್ ಸ್ಯೂಡೋನಿಯೋಪ್ಲಾಸಂ ಆಫ್ ದಿ ನ್ಯೂರಾಕ್ಸಿಸ್. 1978ರಲ್ಲಿ ರೋಡ್ಸ್ ಮತ್ತು ಡೇವಿಸ್ ಮೊದಲು ವರ್ಣಿಸಿದ್ದು. ಗಡ್ಡೆಯ ವೇಷ ಹಾಕಿದ, ಗಡ್ಡೆಯಲ್ಲದ ವಸ್ತು. ಯಾವುದೋ ಹಳೆಯ ಗಾಯಕ್ಕೆ ಮೈ ಕೊಟ್ಟ ಉತ್ತರ ಇರಬೇಕು ಎಂದು ಬಹಳ ಜನ ನಂಬುತ್ತಾರೆ. ಮಿದುಳಿನಲ್ಲೂ ಬರಬಹುದು, ಬೆನ್ನುಹುರಿಯ ಸುತ್ತಲೂ ಬರಬಹುದು. ನಾನು ಪುಸ್ತಕದಲ್ಲಿ ಓದಿದ್ದೆ, ಅಷ್ಟೇ.

ಆದರೂ ಟಿಬಿಯಲ್ಲೂ ಕಾಣುವ ದೈತ್ಯಕಣ ಕಂಡ ಮೇಲೆ ಟಿಬಿ ನೋಡದೆ ಬಿಡಲು ನಮ್ಮ ದೇಶದಲ್ಲಿ ಆಗುತ್ತಾ? ಟಿಬಿ ಬ್ಯಾಕ್ಟೀರಿಯಾ ಹುಡುಕುವ ಆಸಿಡ್-ಫಾಸ್ಟ್ ಸ್ಟೇನ್ ಹಾಕಿಸಿದೆ, ಏನೂ ಸಿಗಲಿಲ್ಲ. ಹುಳುವಿನ ಗುರುತೂ ಇಲ್ಲ. ಮಿದುಳಿನ ಆಧಾರ ಕಣಗಳನ್ನು ಗುರುತಿಸುವ ಜಿಎಫ್‌ಎಪಿ ಸ್ಟೇನ್ ಮುದ್ದೆಯ ಹೊರಗಿನ ಮಿದುಳಿಗೆ ಮಾತ್ರ ಹತ್ತಿತು.

ಹಳೆಯ ರಿಪೋರ್ಟ್ ಅಳಿಸಿ ಹೊಸದು ಬರೆದೆ. ಸರ್ಜನ್‌ಗೆ ಫೋನ್ ಮಾಡಿದಾಗ ಅವರು ಮೊದಲು ಕೇಳಿದ್ದು "ರೇಡಿಯೇಷನ್ ಬೇಕಾ?" ಬೇಡ. ಪೂರ್ತಿ ತೆಗೆದಿದ್ದರೆ ಮತ್ತೆ ಬರುವುದು ಅಪರೂಪ. ಫಿಟ್ಸ್ ಮಾತ್ರೆ ಎಷ್ಟು ದಿನ ಎನ್ನುವುದು ನ್ಯೂರಾಲಜಿಯವರಿಗೆ ಬಿಟ್ಟದ್ದು.

ಆಸಿಡ್‌ನಲ್ಲಿದ್ದ ದೊಡ್ಡ ಚೂರು ಮಾತ್ರ ರಿಪೋರ್ಟ್ ಹೋದ ಮೇಲೂ ಮೆತ್ತಗಾಗಿರಲಿಲ್ಲ. ದಿನಾ ಬೆಳಿಗ್ಗೆ ನಮ್ಮ ಟೆಕ್ನಿಷಿಯನ್ ಸೂಜಿ ಚುಚ್ಚಿ ನೋಡಿ, "ಇನ್ನೂ ಕಲ್ಲೇ ಮೇಡಂ" ಎನ್ನುತ್ತಿದ್ದ.